ತಿಮಿಂಗಿಲಗಳ ಲೆಕ್ಕದ ಪುಸ್ತಕ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಇತಿಹಾಸದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕದಂಬರ ಬಗ್ಗೆಯೋ ಚಾಲುಕ್ಯರ ಬಗ್ಗೆಯೋ ನಾನು ಬರೆಯುತ್ತೇನೆಂದು ಎಲ್ಲರೂ ಎಣಿಸಿದ್ದರು. ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಅದೇ ವಾರ ಒಂಬತ್ತನೇ ತರಗತಿಯಲ್ಲಿ ಕೈಗಾರಿಕಾ ಕ್ರಾಂತಿಯ ಪಾಠ ಮಾಡುತ್ತಿದ್ದೆ. ವಿದ್ಯುತ್ ದೀಪ ಬರುವ ಮೊದಲು ಯುರೋಪಿನ ಬೀದಿದೀಪಗಳೂ ಗಿರಣಿಯ ಯಂತ್ರಗಳೂ ತಿಮಿಂಗಿಲದ ಎಣ್ಣೆಯನ್ನು ಬಳಸುತ್ತಿದ್ದವು ಎಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಅಷ್ಟು ದೊಡ್ಡ ಸಮುದ್ರದಲ್ಲಿರೋ ಪ್ರಾಣೀನ ಕೊಂದು ಮುಗಿಸೋದಕ್ಕೆ ಆಗುತ್ತಾ?" ಎಂದು ಕೇಳಿದಳು.

"ಆಗುತ್ತಮ್ಮಾ, ಬಹುಪಾಲು ಆಗಿಯೇ ಹೋಗಿತ್ತು" ಎಂದೆ. ಗಂಟೆ ಬಾರಿಸಿತು. ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದನ್ನು ಸುವರ್ಣ ಮಹೋತ್ಸವದ ಸಂಚಿಕೆಗೇ ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ಭೂಮಿಯ ಮೇಲೆ ಇದುವರೆಗೆ ಬದುಕಿರುವ ಪ್ರಾಣಿಗಳಲ್ಲೆಲ್ಲ ಅತಿ ದೊಡ್ಡದು ನೀಲಿ ತಿಮಿಂಗಿಲ. ಬೇಟೆ ಆರಂಭವಾಗುವ ಮುನ್ನ ಅಂಟಾರ್ಕ್ಟಿಕ ಖಂಡದ ಸುತ್ತಲಿನ ಕಡಲಿನಲ್ಲಿ ಸುಮಾರು 2,39,000 ನೀಲಿ ತಿಮಿಂಗಿಲಗಳಿದ್ದವೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. 1973ರ ವೇಳೆಗೆ, ಅಂದರೆ ನಮ್ಮ ಶಾಲೆಗೆ ಮೊದಲ ಹೆಂಚು ಹೊದಿಸುತ್ತಿದ್ದ ಕಾಲಕ್ಕೆ, ಅವು ಸುಮಾರು 360ಕ್ಕೆ ಇಳಿದಿದ್ದವು. ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಗೆ ನಿಲ್ಲುವ ಮಕ್ಕಳ ಸಾಲನ್ನು ನೋಡಿದರೆ ಆ ಸಂಖ್ಯೆ ಎಷ್ಟು ಚಿಕ್ಕದೆಂದು ತಿಳಿಯುತ್ತದೆ. ಅಲ್ಲಿಂದೀಚೆಗಿನ ಐವತ್ತು ವರ್ಷ ನಮ್ಮ ಶಾಲೆಯ ಆಯುಸ್ಸೂ ಹೌದು, ತಿಮಿಂಗಿಲಗಳು ಮತ್ತೆ ತಲೆಯೆತ್ತಲು ಹೆಣಗಿದ ಕಾಲವೂ ಹೌದು.

ಹುಟ್ಟಿನ ಲೆಕ್ಕ

ತಿಮಿಂಗಿಲವನ್ನು ನಮ್ಮ ಹಿರಿಯರು ಮೀನುಗಳ ಸಾಲಿಗೆ ಸೇರಿಸಿದ್ದರು. 'ತಿಮಿ' ಎಂಬ ದೊಡ್ಡ ಮೀನನ್ನೇ ನುಂಗುವುದು 'ತಿಮಿಂಗಿಲ' ಎಂಬುದು ಆ ಪದದ ಅರ್ಥ. ಆದರೆ ಅದು ನಮ್ಮ ನಿಮ್ಮಂತೆ ಶ್ವಾಸಕೋಶದಿಂದ ಉಸಿರಾಡುವ, ಮರಿ ಹಾಕಿ ಹಾಲೂಡಿಸುವ ಸಸ್ತನಿ. ಅದರ ಸಂಖ್ಯೆಯ ಏರಿಳಿತ ತಿಳಿಯಬೇಕಾದರೆ ಮೊದಲು ಈ ಮಾತನ್ನು ನೆನಪಿನಲ್ಲಿಡಬೇಕು. ಬೂತಾಯಿ, ಬಂಗುಡೆಯಂಥ ಮೀನು ಒಂದು ಋತುವಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಒಂದು ವರ್ಷ ಬಲೆಗೆ ಹೆಚ್ಚು ಬಿದ್ದರೂ ಮಳೆ, ಗಾಳಿ, ಆಹಾರ ಅನುಕೂಲವಾದರೆ ಮತ್ತೆ ತುಂಬಿಕೊಳ್ಳಬಲ್ಲದು. ತಿಮಿಂಗಿಲಕ್ಕೆ ಆ ಅವಕಾಶವಿಲ್ಲ.

ನೀಲಿ ತಿಮಿಂಗಿಲದ ಹೆಣ್ಣು ಪ್ರಾಯಕ್ಕೆ ಬರಲು ಐದರಿಂದ ಹದಿನೈದು ವರ್ಷ ಬೇಕು. ಗರ್ಭ ಹತ್ತು ಹನ್ನೆರಡು ತಿಂಗಳು. ಹುಟ್ಟುವುದು ಒಂದೇ ಮರಿ. ಆ ಮರಿಗೆ ಆರೇಳು ತಿಂಗಳು ಹಾಲೂಡಿಸಿ, ಕರಗಿದ ಮೈಕೊಬ್ಬನ್ನು ಮತ್ತೆ ಕೂಡಿಸಿಕೊಂಡು, ಇನ್ನೊಂದು ಮರಿಗೆ ಸಿದ್ಧವಾಗಲು ಎರಡು ಮೂರು ವರ್ಷ ಹಿಡಿಯುತ್ತದೆ. ಹೀಗೆ ಮೂವತ್ತು ವರ್ಷ ಮರಿ ಹಾಕುತ್ತ ಬಂದರೂ ಒಂದು ತಾಯಿಯಿಂದ ಹತ್ತು ಹನ್ನೆರಡು ಮರಿಗಳು. ಅವುಗಳಲ್ಲಿ ಕೆಲವು ಓರ್ಕಾಗಳ ಪಾಲಾಗುತ್ತವೆ, ಕೆಲವು ಮೊದಲ ವರ್ಷದಲ್ಲೇ ಸಾಯುತ್ತವೆ.

ಇದರಿಂದ ತಿಳಿಯುವುದೇನು? ತಿಮಿಂಗಿಲಗಳ ಸಂಖ್ಯೆ ನಾಲ್ಕು ಸಂಗತಿಗಳ ಮೇಲೆ ನಿಂತಿದೆ: ತಾಯಿಗೆ ಸಿಗುವ ಆಹಾರ, ಎರಡು ಮರಿಗಳ ನಡುವಿನ ಅಂತರ, ಮರಿಗಳ ಉಳಿವು, ಬೆಳೆದ ಪ್ರಾಣಿಗಳ ಉಳಿವು. ಈ ನಾಲ್ಕರಲ್ಲಿ ಕೊನೆಯದೇ ಬಹಳ ಮುಖ್ಯ. ದೀರ್ಘಾಯುಷ್ಯವೇ ಈ ಪ್ರಾಣಿಯ ಬಂಡವಾಳ. ಉತ್ತರ ಧ್ರುವ ಪ್ರದೇಶದ ಬೋಹೆಡ್ ತಿಮಿಂಗಿಲಗಳು ಇನ್ನೂರು ವರ್ಷಕ್ಕೂ ಹೆಚ್ಚು ಬದುಕಬಲ್ಲವು. ಬೆಳೆದ ಹೆಣ್ಣೊಂದನ್ನು ಕೊಂದರೆ ಹೋಗುವುದು ಒಂದು ಜೀವವಲ್ಲ, ಮುಂದಿನ ಮೂವತ್ತು ನಲವತ್ತು ವರ್ಷಗಳ ಹುಟ್ಟುಗಳು. ಬೇಟೆಗಾರನ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದೂ ಆ ದೊಡ್ಡ ಹೆಣ್ಣೇ.

ಈಟಿಯಿಂದ ಫಿರಂಗಿಗೆ

ತಿಮಿಂಗಿಲ ಬೇಟೆ ಹಳೆಯ ಕಸುಬು. ಸ್ಪೇನ್ ಮತ್ತು ಫ್ರಾನ್ಸಿನ ಗಡಿಯ ಬಾಸ್ಕ್ ಜನ 11ನೇ ಶತಮಾನದ ಹೊತ್ತಿಗೇ ಬಿಸ್ಕೆ ಕೊಲ್ಲಿಯಲ್ಲಿ ಅದನ್ನು ವ್ಯಾಪಾರವಾಗಿ ನಡೆಸುತ್ತಿದ್ದರು. ಅವರು ಹಿಡಿಯುತ್ತಿದ್ದದ್ದು ನಿಧಾನವಾಗಿ ಈಜುವ, ಸತ್ತ ಮೇಲೆ ನೀರಿನಲ್ಲಿ ತೇಲುವ ತಿಮಿಂಗಿಲವನ್ನು. ಬೇಟೆಗೆ 'ತಕ್ಕದ್ದು' ಎಂಬ ಅರ್ಥದಲ್ಲಿ ಇಂಗ್ಲಿಷರು ಅದನ್ನು 'ರೈಟ್' ತಿಮಿಂಗಿಲವೆಂದು ಕರೆದರು. ಕೈಯಿಂದ ಎಸೆಯುವ ಈಟಿ ಮತ್ತು ಹುಟ್ಟು ಹಾಕುವ ದೋಣಿಯಿಂದಲೇ ಅವರು ಅಟ್ಲಾಂಟಿಕ್ ಸಾಗರದ ರೈಟ್ ತಿಮಿಂಗಿಲಗಳನ್ನು ವಿನಾಶದ ಅಂಚಿಗೆ ತಂದರು. ಅಟ್ಲಾಂಟಿಕ್‌ನ ಬೂದು ತಿಮಿಂಗಿಲಗಳಂತೂ 18ನೇ ಶತಮಾನದ ವೇಳೆಗೆ ಪೂರ್ತಿ ಅಳಿದುಹೋದವು. ಆ ಜಾತಿ ಈಗ ಉಳಿದಿರುವುದು ಪೆಸಿಫಿಕ್ ಸಾಗರದಲ್ಲಿ ಮಾತ್ರ.

ಆದರೆ ನೀಲಿ ತಿಮಿಂಗಿಲ ಮತ್ತು ಫಿನ್ ತಿಮಿಂಗಿಲ ಆ ದೋಣಿಗಳ ಕೈಗೆ ಸಿಗಲಿಲ್ಲ. ಅವು ಬಹಳ ವೇಗವಾಗಿ ಈಜುತ್ತವೆ, ಸತ್ತರೆ ಮುಳುಗಿಹೋಗುತ್ತವೆ. ಅವುಗಳ ರಕ್ಷಣೆಗೆ ಇದ್ದದ್ದು ಇಷ್ಟೇ. ಅದನ್ನೂ ಯಂತ್ರ ಮುರಿಯಿತು. 1860ರ ದಶಕದಲ್ಲಿ ನಾರ್ವೆಯ ಸ್ವೆಂಡ್ ಫೊಯ್ನ್ ಎಂಬಾತ ಉಗಿಹಡಗಿನ ಮುಂಭಾಗದಲ್ಲಿ ಫಿರಂಗಿ ಇರಿಸಿ, ತುದಿಯಲ್ಲಿ ಸಿಡಿಮದ್ದು ತುಂಬಿದ ಈಟಿಯನ್ನು ಹಾರಿಸುವ ಕ್ರಮವನ್ನು ರೂಪಿಸಿದ. ಸತ್ತ ತಿಮಿಂಗಿಲದ ಒಡಲಿಗೆ ಗಾಳಿ ತುಂಬಿ ತೇಲಿಸುವ ಉಪಾಯವೂ ಬಂತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. 1859ರಲ್ಲಿ ಅಮೆರಿಕದಲ್ಲಿ ಕಲ್ಲೆಣ್ಣೆ ಬಾವಿ ಕೊರೆದ ಮೇಲೆ ಸೀಮೆಎಣ್ಣೆ ಬಂದು ತಿಮಿಂಗಿಲಗಳು ಉಳಿದವು ಎಂದು ಹಲವರು ಹೇಳುತ್ತಾರೆ. ದೀಪಕ್ಕೆ ತಿಮಿಂಗಿಲದ ಎಣ್ಣೆ ಬೇಡವಾದದ್ದು ನಿಜ. ಆದರೆ 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ ಎಂಬ ರಸಾಯನ ವಿಜ್ಞಾನಿ ದ್ರವರೂಪದ ಎಣ್ಣೆಯನ್ನು ಜಲಜನಕದಿಂದ ಗಟ್ಟಿಗೊಳಿಸುವ ವಿಧಾನ ಕಂಡುಹಿಡಿದ. ನಾವು ವನಸ್ಪತಿ ಎಂದು ಕರೆಯುವುದು ಅದೇ ವಿಧಾನದಿಂದ ಆದದ್ದು. ತಿಮಿಂಗಿಲದ ಎಣ್ಣೆ ಮಾರ್ಗರಿನ್ ಆಗಿ ಯುರೋಪಿನ ಬಡವರ ಬ್ರೆಡ್ಡಿನ ಮೇಲೆ ಬಂತು, ಸಾಬೂನಾಯಿತು. ಅದರಿಂದ ತೆಗೆದ ಗ್ಲಿಸರಿನ್ ಮೊದಲ ಮಹಾಯುದ್ಧದಲ್ಲಿ ಸಿಡಿಮದ್ದಾಯಿತು. ಕಲ್ಲೆಣ್ಣೆಯಿಂದ ಓಡುವ ಎಂಜಿನ್ನುಗಳು ಬೇಟೆಯ ಹಡಗನ್ನು ಇನ್ನಷ್ಟು ದೂರಕ್ಕೆ ಕೊಂಡೊಯ್ದವು. ಒಂದು ಉಪಯೋಗ ತಪ್ಪಿದಾಗ ಮಾರುಕಟ್ಟೆ ಇನ್ನೊಂದನ್ನು ಹುಡುಕಿಕೊಂಡಿತು.

1904ರಲ್ಲಿ ನಾರ್ವೆಯ ಸಿ. ಎ. ಲಾರ್ಸೆನ್ ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್‌ವಿಕೆನ್‌ನಲ್ಲಿ ಬೇಟೆಯ ನೆಲೆ ಸ್ಥಾಪಿಸಿದ. 1925ರಲ್ಲಿ ಹಿಂಭಾಗದಲ್ಲಿ ಇಳಿಜಾರುಳ್ಳ ಕಾರ್ಖಾನೆ ಹಡಗು ಬಂತು. ಇಡೀ ತಿಮಿಂಗಿಲವನ್ನು ಆ ಇಳಿಜಾರಿನ ಮೇಲೆ ಎಳೆದು ನಡುಗಡಲಿನಲ್ಲೇ ಕತ್ತರಿಸಿ ಎಣ್ಣೆ ಬೇಯಿಸಬಹುದಾಗಿತ್ತು. ಇನ್ನು ದಡವೂ ಬೇಡ, ದಡದ ಸರ್ಕಾರಗಳ ಅಪ್ಪಣೆಯೂ ಬೇಡ. 1930-31ರ ಒಂದೇ ಋತುವಿನಲ್ಲಿ 29 ಸಾವಿರಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳನ್ನು ಕೊಂದರು. 20ನೇ ಶತಮಾನದಲ್ಲಿ ಪ್ರಪಂಚದಾದ್ಯಂತ ಕೊಂದ ತಿಮಿಂಗಿಲಗಳ ಒಟ್ಟು ಸಂಖ್ಯೆ ಸುಮಾರು 29 ಲಕ್ಷ. ಹಿಂದಿನ ಶತಮಾನಗಳ ಬೇಟೆಯನ್ನು ಅದರ ಪಕ್ಕದಲ್ಲಿಟ್ಟರೆ ಚಿಕ್ಕದಾಗಿ ಕಾಣುತ್ತದೆ.

ತಪ್ಪು ಅಳತೆಗೋಲು

ಯಾರೂ ತಡೆಯಲಿಲ್ಲವೇ ಎಂದು ಕೇಳಬಹುದು. ತಡೆಯಲು ಹೊರಟಿದ್ದರು. 1946ರ ಡಿಸೆಂಬರ್ 2ರಂದು ವಾಷಿಂಗ್ಟನ್‌ನಲ್ಲಿ ಹದಿನೈದು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಅದರಿಂದ ಅಂತಾರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ ಹುಟ್ಟಿತು. ಅಂಟಾರ್ಕ್ಟಿಕ್ ಬೇಟೆಗೆ ಋತುವಿಗೆ 16,000 ಎಂಬ ಮಿತಿಯನ್ನೂ ಹಾಕಿದರು. ಆದರೆ 16,000 ಏನು? ತಿಮಿಂಗಿಲಗಳಲ್ಲ, 'ನೀಲಿ ತಿಮಿಂಗಿಲ ಘಟಕ'ಗಳು. ಒಂದು ನೀಲಿ ತಿಮಿಂಗಿಲ ಎಂದರೆ ಒಂದು ಘಟಕ. ಎರಡು ಫಿನ್ ತಿಮಿಂಗಿಲ, ಅಥವಾ ಎರಡೂವರೆ ಗೂನುಬೆನ್ನಿನ ತಿಮಿಂಗಿಲ, ಅಥವಾ ಆರು ಸೇಯಿ ತಿಮಿಂಗಿಲಕ್ಕೆ ಅದೇ ಒಂದು ಘಟಕ. ಸಿಗುವ ಎಣ್ಣೆಯ ಅಂದಾಜಿನ ಮೇಲೆ ಮಾಡಿದ ಲೆಕ್ಕವಿದು.

ಮೇಲ್ನೋಟಕ್ಕೆ ನ್ಯಾಯವಾಗಿ ಕಾಣುವ ಈ ಅಳತೆ ಎಷ್ಟು ಕೆಡುಕು ಮಾಡಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಯಾವ ಜಾತಿಯನ್ನು ಎಷ್ಟು ಕೊಲ್ಲಬಹುದೆಂಬ ಮಿತಿಯೇ ಅದರಲ್ಲಿರಲಿಲ್ಲ. ಒಂದೇ ಬೆನ್ನಟ್ಟುವಿಕೆಯಲ್ಲಿ ಒಂದು ಪೂರ್ತಿ ಘಟಕ ಸಿಗುವುದಾದರೆ ಯಾರು ತಾನೇ ನೀಲಿಯನ್ನು ಬಿಟ್ಟಾರು? ನೀಲಿ ತಿಮಿಂಗಿಲ ಅಪರೂಪವಾದಾಗ ಅದನ್ನೊಂದನ್ನೇ ನಂಬಿದ ಉದ್ಯಮವಾಗಿದ್ದರೆ ನಷ್ಟಕ್ಕೆ ಬಿದ್ದು ನಿಲ್ಲುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಹಡಗುಗಳು ಫಿನ್ ತಿಮಿಂಗಿಲದಿಂದ ಹೊಟ್ಟೆ ತುಂಬಿಸಿಕೊಳ್ಳುತ್ತ, ದಾರಿಯಲ್ಲಿ ಕಂಡ ಕೊನೆಕೊನೆಯ ನೀಲಿಗಳನ್ನೂ ಹೊಡೆದವು. ಫಿನ್ ಇಳಿದಾಗ ಸೇಯಿ. ಜೊತೆಗೆ ಇಡೀ ಮಿತಿ ಎಲ್ಲ ದೇಶಗಳಿಗೂ ಸೇರಿ ಒಂದೇ ಆಗಿತ್ತು. ಪ್ರತಿ ವಾರ ನಾರ್ವೆಯ ಕಚೇರಿಯೊಂದಕ್ಕೆ ಲೆಕ್ಕ ಹೋಗುತ್ತಿತ್ತು, ಮಿತಿ ಮುಟ್ಟಿದ ಕೂಡಲೇ ಋತು ಮುಗಿಯುತ್ತಿತ್ತು. ಆದ್ದರಿಂದ ಇನ್ನೊಬ್ಬರಿಗಿಂತ ಮೊದಲು ಹೊಡೆಯುವ ಓಟ. ನಾಲ್ಕು ತಿಂಗಳ ಋತು ಹತ್ತೇ ವರ್ಷಗಳಲ್ಲಿ ಎರಡು ತಿಂಗಳಿಗೆ ಇಳಿಯಿತು.

1960ರಲ್ಲಿ ಆಯೋಗ ಡಗ್ಲಸ್ ಚಾಪ್‌ಮನ್, ರಾಡ್‌ವೇ ಅಲೆನ್, ಸಿಡ್ನಿ ಹೋಲ್ಟ್ ಎಂಬ ಮೂವರು ತಜ್ಞರ ಸಮಿತಿ ನೇಮಿಸಿತು. ನೀಲಿ ಮತ್ತು ಗೂನುಬೆನ್ನಿನ ತಿಮಿಂಗಿಲಗಳ ಬೇಟೆಯನ್ನು ಪೂರ್ತಿ ನಿಲ್ಲಿಸಬೇಕೆಂದು 1963ರಲ್ಲಿ ಅವರು ತಿಳಿಸಿದರು. ಎರಡಕ್ಕೂ 1960ರ ದಶಕದ ನಡುವಿನಲ್ಲಿ ರಕ್ಷಣೆ ಸಿಕ್ಕಿತು. ಘಟಕದ ಲೆಕ್ಕ ಕೈಬಿಟ್ಟದ್ದು 1972ರಲ್ಲಿ. ಅಷ್ಟರೊಳಗೆ ದಕ್ಷಿಣಾರ್ಧ ಗೋಳದಲ್ಲಿ ಆ ಶತಮಾನದಲ್ಲಿ ಸತ್ತ ಫಿನ್ ತಿಮಿಂಗಿಲಗಳೇ ಏಳು ಲಕ್ಷ ದಾಟಿದ್ದವು.

ಕಂಪನಿಗಳು ತಮ್ಮ ನಾಳೆಯ ಲಾಭಕ್ಕಾದರೂ ತಿಮಿಂಗಿಲಗಳನ್ನು ಉಳಿಸಿಕೊಳ್ಳಬೇಕಿತ್ತಲ್ಲ ಎಂಬ ಪ್ರಶ್ನೆಗೆ ಕೆನಡಾದ ಗಣಿತಜ್ಞ ಕಾಲಿನ್ ಕ್ಲಾರ್ಕ್ 1973ರಲ್ಲಿ ಉತ್ತರ ಕೊಟ್ಟರು. ತಿಮಿಂಗಿಲಗಳು ವರ್ಷಕ್ಕೆ ನೂರಕ್ಕೆ ಐದರಂತೆ ಹೆಚ್ಚುತ್ತವೆ ಎನ್ನೋಣ. ಎಲ್ಲವನ್ನೂ ಈಗಲೇ ಕೊಂದು ಮಾರಿ, ಆ ಹಣವನ್ನು ನೂರಕ್ಕೆ ಹತ್ತು ಬರುವ ಕಡೆ ತೊಡಗಿಸಿದರೆ ಕಂಪನಿಗೆ ಲಾಭ ಹೆಚ್ಚು. ನಿಧಾನವಾಗಿ ಹೆರುವ ಜೀವವನ್ನು ಲಾಭದ ಲೆಕ್ಕ ತಾನಾಗಿ ಕಾಪಾಡುವುದಿಲ್ಲ ಎಂಬುದು ಇದರ ತಾತ್ಪರ್ಯ.

ಸುಳ್ಳು ಲೆಕ್ಕ

ಲಾಭದ ಲೆಕ್ಕ ಹೀಗಾದರೆ, ಲಾಭವನ್ನೇ ಗುರಿಯಾಗಿ ಇಟ್ಟುಕೊಳ್ಳದ ದೇಶ ಇನ್ನೂ ದೊಡ್ಡ ಹಾನಿ ಮಾಡಿತು. ಸೋವಿಯತ್ ಒಕ್ಕೂಟ 'ಸ್ಲಾವಾ' ಎಂಬ ಕಾರ್ಖಾನೆ ಹಡಗಿನಿಂದ ಅಂಟಾರ್ಕ್ಟಿಕ್ ಬೇಟೆಗೆ ಇಳಿದು, ಮುಂದೆ ಇನ್ನೂ ದೊಡ್ಡ ಹಡಗುಗಳನ್ನು ಸೇರಿಸಿತು. ಅಲ್ಲಿ ಪ್ರತಿ ವರ್ಷದ ಯೋಜನೆಗೆ ಇಷ್ಟು ಟನ್ ಎಂಬ ಗುರಿ ಇರುತ್ತಿತ್ತು. ಗುರಿ ಮೀರಿದವರಿಗೆ ಬೋನಸ್ಸು, ಪದಕ. ಈ ವರ್ಷ ಮೀರಿದರೆ ಮುಂದಿನ ವರ್ಷದ ಗುರಿ ಇನ್ನೂ ಮೇಲೆ. ಅನೇಕ ಸಲ ಕೊಬ್ಬನ್ನಷ್ಟೇ ಸುಲಿದು ಉಳಿದ ಒಡಲನ್ನು ಕಡಲಿಗೆ ತಳ್ಳಿದರು. ರಕ್ಷಿತ ಜಾತಿ, ಮರಿ, ತಾಯಿ ಎಂಬ ಭೇದವಿರಲಿಲ್ಲ.

ಆಯೋಗಕ್ಕೆ ಹೋಗುತ್ತಿದ್ದ ಲೆಕ್ಕ ಬೇರೆ, ಹಡಗಿನ ಒಳಲೆಕ್ಕ ಬೇರೆ. ದಕ್ಷಿಣಾರ್ಧ ಗೋಳದಲ್ಲಿ ತಾನು ಕೊಂದ ಗೂನುಬೆನ್ನಿನ ತಿಮಿಂಗಿಲಗಳು 2,710 ಎಂದು ಸೋವಿಯತ್ ಒಕ್ಕೂಟ ವರದಿ ಮಾಡಿತ್ತು. ನಿಜವಾಗಿ ಕೊಂದದ್ದು 48 ಸಾವಿರಕ್ಕೂ ಹೆಚ್ಚು. ಇದರಲ್ಲಿ ಸುಮಾರು 25,000 ಸತ್ತದ್ದು 1959ರಿಂದ 1961ರ ಎರಡೇ ಋತುಗಳಲ್ಲಿ. 1948ರಿಂದ 1979ರವರೆಗೆ ಎಲ್ಲ ಸಾಗರಗಳಲ್ಲಿ ಆ ದೇಶ ಮುಚ್ಚಿಟ್ಟ ತಿಮಿಂಗಿಲಗಳ ಸಂಖ್ಯೆ 1,78,000 ದಾಟುತ್ತದೆ.

ಸುಳ್ಳು ಲೆಕ್ಕದ ಪೆಟ್ಟು ಬೇರೆಯವರ ಮೇಲೂ ಬಿತ್ತು. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಟಾಂಗಲೂಮಾ ಎಂಬಲ್ಲಿ 1952ರಿಂದ ಬೇಟೆಯ ನೆಲೆಯೊಂದು ನಡೆದಿತ್ತು. ಅವರು ತಮಗೆ ಹಾಕಿದ್ದ ಮಿತಿಯೊಳಗೆ ಹಿಡಿಯುತ್ತಿದ್ದರು. ಇದ್ದಕ್ಕಿದ್ದಂತೆ ತಿಮಿಂಗಿಲಗಳು ಬರುವುದೇ ನಿಂತುಹೋಯಿತು. ವಿಜ್ಞಾನಿಗಳು ಲೆಕ್ಕವನ್ನು ಎಷ್ಟು ಸಲ ಹಾಕಿದರೂ ಉತ್ತರ ಸಿಗಲಿಲ್ಲ, ಏಕೆಂದರೆ ಅವರ ಕೈಯಲ್ಲಿದ್ದ ಅಂಕಿಗಳೇ ಸುಳ್ಳಾಗಿದ್ದವು. 1962ರಲ್ಲಿ ಆ ನೆಲೆ ಮುಚ್ಚಿತು. ಚಳಿಗಾಲದಲ್ಲಿ ಆಸ್ಟ್ರೇಲಿಯಾಕ್ಕೆ ಬರುವ ಅದೇ ತಿಮಿಂಗಿಲಗಳನ್ನು ಬೇಸಿಗೆಯಲ್ಲಿ ದಕ್ಷಿಣದ ಕಡಲಿನಲ್ಲಿ ಸೋವಿಯತ್ ಹಡಗುಗಳು ಮುಗಿಸಿದ್ದವೆಂದು ತಿಳಿದದ್ದು ಮೂವತ್ತು ವರ್ಷಗಳ ನಂತರ.

ಈ ಕಥೆ ನಮ್ಮ ಅರಬ್ಬೀ ಸಮುದ್ರವನ್ನೂ ಮುಟ್ಟುತ್ತದೆ. ಅಂಟಾರ್ಕ್ಟಿಕಕ್ಕೆ ಹೋಗುವ ದಾರಿಯಲ್ಲಿ ಈ ಹಡಗುಗಳು ಸೂಯೆಜ್ ದಾಟಿ ಇಲ್ಲಿಗೂ ಬರುತ್ತಿದ್ದವು. 1960ರ ದಶಕದ ನಡುವೆ, ಹೆಚ್ಚಿನಂಶ 1966ರ ನವೆಂಬರ್ ತಿಂಗಳೊಂದರಲ್ಲೇ, ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಕಡಲಿನಲ್ಲಿ ಸುಮಾರು 240 ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದರು. ಅದೇ ವರ್ಷಗಳಲ್ಲಿ ಉತ್ತರ ಹಿಂದೂ ಮಹಾಸಾಗರದಲ್ಲಿ ಸಾವಿರಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳನ್ನೂ ಕೊಂದರು. ನಮ್ಮ ದೇಶದಲ್ಲಿ ಯಾರಿಗೂ ಅದರ ಸುಳಿವಿರಲಿಲ್ಲ.

ನೆಲಮಾಳಿಗೆಯಲ್ಲಿ ಉಳಿದ ಸತ್ಯ

ಹಾಗಾದರೆ ನಿಜ ಹೊರಬಂದದ್ದು ಹೇಗೆ? ಆ ಹಡಗುಗಳಲ್ಲಿ ಜೀವವಿಜ್ಞಾನಿಗಳೂ ಇದ್ದರು. ಕೊಂದ ಪ್ರತಿ ತಿಮಿಂಗಿಲದ ಜಾತಿ, ಉದ್ದ, ಗಂಡೋ ಹೆಣ್ಣೋ, ಹೊಟ್ಟೆಯಲ್ಲಿ ಏನಿತ್ತು, ಗರ್ಭದಲ್ಲಿ ಮರಿ ಇತ್ತೇ ಎಂದು ಬರೆದಿಡುವುದು ಅವರ ಕೆಲಸ. ಅದನ್ನು ಹೊರಗೆ ಹೇಳಿದರೆ ಕೆಲಸವಷ್ಟೇ ಅಲ್ಲ, ಇನ್ನೂ ಹೆಚ್ಚಿನದು ಹೋಗುವ ಕಾಲ ಅದು. ಕೆಲವರು ಬೇಟೆಯನ್ನು ತಡೆಯಿರೆಂದು ಮೇಲಧಿಕಾರಿಗಳಿಗೆ ಬರೆದರು, ಫಲ ಸಿಗಲಿಲ್ಲ. ದ್ಮಿತ್ರಿ ತೊರ್ಮೊಸೊವ್ ಎಂಬ ವಿಜ್ಞಾನಿ, ನಾಶವಾಗಬೇಕಿದ್ದ ಬೇಟೆಯ ದಾಖಲೆಗಳನ್ನು ತಮ್ಮ ಮನೆಯ ಆಲೂಗಡ್ಡೆ ಇಡುವ ನೆಲಮಾಳಿಗೆಯಲ್ಲಿ ಬಚ್ಚಿಟ್ಟರು. ಯೂರಿ ಮಿಖಾಲೆವ್ ಮೊದಲಾದವರೂ ತಮ್ಮಲ್ಲಿದ್ದ ನಿಜವಾದ ಅಂಕಿಗಳನ್ನು ಕಾಪಾಡಿಕೊಂಡು ಬಂದರು. ಸೋವಿಯತ್ ಒಕ್ಕೂಟ ಕುಸಿದ ಮೇಲೆ, 1993ರಲ್ಲಿ, ರಷ್ಯಾದ ಅಧ್ಯಕ್ಷರ ಪರಿಸರ ಸಲಹೆಗಾರರಾಗಿದ್ದ ಅಲೆಕ್ಸೆಯ್ ಯಬ್ಲೊಕೊವ್ ಅಮೆರಿಕದಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಈ ಗುಟ್ಟನ್ನು ಬಯಲು ಮಾಡಿದರು. ಬಚ್ಚಿಟ್ಟ ಪುಸ್ತಕಗಳು ಒಂದೊಂದಾಗಿ ಬೆಳಕಿಗೆ ಬಂದವು.

ಅರಬ್ಬೀ ಸಮುದ್ರದ ಬಗ್ಗೆ ಮಿಖಾಲೆವ್ 1997ರಲ್ಲಿ ಪ್ರಕಟಿಸಿದ ವಿವರ ಕಣ್ಣು ತೆರೆಸುವಂಥದ್ದು. ಕೊಂದ ಹೆಣ್ಣುಗಳ ಗರ್ಭದಲ್ಲಿದ್ದ ಮರಿಗಳ ಅಳತೆಯನ್ನು ನೋಡಿದಾಗ, ಅವು ಅಂಟಾರ್ಕ್ಟಿಕಕ್ಕೆ ಹೋಗಿ ಬರುವ ತಿಮಿಂಗಿಲಗಳಲ್ಲವೆಂದು ತಿಳಿಯಿತು. ಬೇರೆಡೆಯ ಗೂನುಬೆನ್ನಿನ ತಿಮಿಂಗಿಲಗಳು ತಂಪು ಕಡಲಿನಲ್ಲಿ ತಿಂದು, ಬೆಚ್ಚನೆಯ ಕಡಲಿಗೆ ಬಂದು ಹೆರುತ್ತವೆ. ಇವು ಮಾತ್ರ ವರ್ಷವಿಡೀ ಇಲ್ಲೇ ತಿಂದು ಇಲ್ಲೇ ಹೆರುತ್ತವೆ. ಅದನ್ನು ಸಾಧ್ಯಮಾಡುವುದು ನಮ್ಮ ಮುಂಗಾರು. ಮಲೆನಾಡಿಗೆ ಮಳೆ ತರುವ ಅದೇ ನೈರುತ್ಯ ಮಾರುತ ಒಮಾನ್ ಕರಾವಳಿಯಲ್ಲಿ ಆಳದ ತಣ್ಣೀರನ್ನು ಮೇಲಕ್ಕೆ ಎತ್ತುತ್ತದೆ. ಆ ನೀರಿನ ಸಾರದಿಂದ ಸೂಕ್ಷ್ಮಜೀವಿಗಳು, ಅವುಗಳಿಂದ ಮೀನು, ಮೀನಿನಿಂದ ತಿಮಿಂಗಿಲ. ಇವು ಇತರ ಗೂನುಬೆನ್ನಿನ ತಿಮಿಂಗಿಲಗಳಿಂದ ಸುಮಾರು 70,000 ವರ್ಷಗಳಿಂದ ಬೇರೆಯಾಗಿವೆಯೆಂದು ಆಮೇಲಿನ ವಂಶವಾಹಿ ಅಧ್ಯಯನ ತಿಳಿಸಿದೆ.

ಚೇತರಿಕೆ ಎಲ್ಲೆಡೆ ಒಂದೇ ಅಲ್ಲ

1979ರಲ್ಲಿ ಸೇಶೆಲ್ಸ್ ಎಂಬ ಪುಟ್ಟ ದೇಶದ ಸಲಹೆಯಂತೆ ಹಿಂದೂ ಮಹಾಸಾಗರ ತಿಮಿಂಗಿಲಗಳ ಅಭಯಧಾಮವಾಯಿತು. 1982ರಲ್ಲಿ ಆಯೋಗ ವಾಣಿಜ್ಯ ಬೇಟೆಯನ್ನು ನಿಲ್ಲಿಸುವ ನಿರ್ಣಯವನ್ನು 25 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಂದದ್ದು 7. ಭಾರತ ಪರವಾಗಿ ಮತ ಹಾಕಿತ್ತು. 1985-86ರ ಋತುವಿನಿಂದ ನಿಷೇಧ ಜಾರಿಗೆ ಬಂತು. ನಾರ್ವೆ, ಐಸ್‌ಲ್ಯಾಂಡ್, ಜಪಾನ್ ಆಮೇಲೂ ಬೇಟೆ ಮುಂದುವರಿಸಿದರೂ ಹಿಂದಿನ ಪ್ರಮಾಣ ಮತ್ತೆ ಬರಲಿಲ್ಲ.

ಫಲಿತಾಂಶ ಸಂತೋಷ ತರುವಂಥದ್ದು. ಬ್ರೆಜಿಲ್ ಕರಾವಳಿಗೆ ಬರುವ ಗೂನುಬೆನ್ನಿನ ತಿಮಿಂಗಿಲಗಳು 1950ರ ದಶಕದಲ್ಲಿ ಸುಮಾರು 450ಕ್ಕೆ ಇಳಿದಿದ್ದವು. ಈಗ ಅವು ಸುಮಾರು 25,000, ಬೇಟೆಗೆ ಮುಂಚಿನ ಸಂಖ್ಯೆಗೆ ಬಹಳ ಹತ್ತಿರ. ಪೂರ್ವ ಆಸ್ಟ್ರೇಲಿಯಾದಲ್ಲಿ ಕೆಲವೇ ನೂರು ಉಳಿದಿದ್ದವು ಹತ್ತಾರು ಸಾವಿರವಾಗಿವೆ. ಟಾಂಗಲೂಮಾಕ್ಕೆ ಇಂದು ಜನ ತಿಮಿಂಗಿಲ ನೋಡಲು ಹೋಗುತ್ತಾರೆ.

ಅಂಟಾರ್ಕ್ಟಿಕ್ ನೀಲಿ ತಿಮಿಂಗಿಲದ ವಿಷಯದಲ್ಲಿ ಅಷ್ಟು ಬೇಗ ನಗಲಾಗದು. 360 ಇದ್ದವು ವರ್ಷಕ್ಕೆ ನೂರಕ್ಕೆ ಏಳೆಂಟರಂತೆ ಬೆಳೆದು 1998ರ ವೇಳೆಗೆ ಸುಮಾರು 2,280 ಆದವು. ಹೀಗೆ ಬೆಳೆದರೆ ಹತ್ತು ವರ್ಷಕ್ಕೆ ದುಪ್ಪಟ್ಟು. ಲೆಕ್ಕ ಬಲ್ಲ ವಿದ್ಯಾರ್ಥಿಗಳು ಕಾಗದದ ಮೇಲೆ ಹಾಕಿ ನೋಡಲಿ. ಒಂದು ತೊಡಕೂ ಬಾರದೆ ಬೆಳೆದರೂ ಮೊದಲಿನ 2,39,000 ಮುಟ್ಟಲು 1998ರಿಂದ ಅರವತ್ತೈದಕ್ಕೂ ಹೆಚ್ಚು ವರ್ಷ ಬೇಕು. ಕೊಲ್ಲಲು ಹಿಡಿದದ್ದೂ ಸುಮಾರು ಅರವತ್ತೇ ವರ್ಷ. ಆದರೆ ಕೊಲ್ಲುವುದಕ್ಕೆ ಯಾವ ತೊಡಕೂ ಇರಲಿಲ್ಲ. ಬೆಳೆಯುವುದಕ್ಕೆ ತೊಡಕುಗಳು ಬಹಳ.

ಆ ತೊಡಕುಗಳಲ್ಲಿ ಈಟಿ ಕಾಣುವುದಿಲ್ಲ. ಉತ್ತರ ಅಟ್ಲಾಂಟಿಕ್‌ನ ರೈಟ್ ತಿಮಿಂಗಿಲದ ಬೇಟೆ ನಿಂತು ತೊಂಬತ್ತು ವರ್ಷವಾಗುತ್ತ ಬಂತು. ಆದರೂ ಇಂದು ಉಳಿದಿರುವುದು ಸುಮಾರು 380. ಸಿಗಡಿ ಜಾತಿಯ ಲಾಬ್‌ಸ್ಟರ್ ಹಿಡಿಯುವ ಬೋನುಗಳ ಹಗ್ಗ ಬಾಯಿಗೂ ಬಾಲಕ್ಕೂ ಸುತ್ತಿಕೊಂಡು ಅವು ತಿಂಗಳುಗಟ್ಟಲೆ ನರಳಿ ಸಾಯುತ್ತವೆ. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ತಿಮಿಂಗಿಲಗಳ ಮೈಮೇಲೆ ಹಗ್ಗದ ಗಾಯದ ಗುರುತಿದೆ. ಇನ್ನು ಕೆಲವು ಸರಕು ಹಡಗುಗಳಿಗೆ ಸಿಕ್ಕಿ ಸಾಯುತ್ತವೆ. ಕಡಲು ಬಿಸಿಯಾಗಿ ಅವುಗಳ ಆಹಾರ ಉತ್ತರಕ್ಕೆ ಸರಿದಾಗ ತಿಮಿಂಗಿಲಗಳೂ ಕೆನಡಾದ ಕೊಲ್ಲಿಯೊಂದಕ್ಕೆ ಸರಿದವು. ಅಲ್ಲಿ ಅವುಗಳಿಗಾಗಿ ಹಡಗಿನ ವೇಗ ತಗ್ಗಿಸುವ ನಿಯಮವಿರಲಿಲ್ಲ. 2017ರ ಒಂದೇ ವರ್ಷದಲ್ಲಿ 17 ಸತ್ತವು. ಗಾಯಗೊಂಡು ಬಡಕಲಾದ ತಾಯಿ ಮೂರು ವರ್ಷಕ್ಕೊಮ್ಮೆ ಹೆರುವ ಬದಲು ಆರೇಳು ವರ್ಷಕ್ಕೊಮ್ಮೆ ಹೆರುತ್ತದೆ.

ಆಹಾರದ ಮಾತಿಗೆ ಇನ್ನೊಂದು ನಿದರ್ಶನ ಪೆಸಿಫಿಕ್‌ನ ಬೂದು ತಿಮಿಂಗಿಲ. ವಾಣಿಜ್ಯ ಬೇಟೆ ನಿಂತ ಮೇಲೆ ಚೆನ್ನಾಗಿ ಬೆಳೆದು 2016ರಲ್ಲಿ ಸುಮಾರು 27,000 ಆಗಿತ್ತು. ಉತ್ತರ ಧ್ರುವದ ಮಂಜು ಕರಗಿ, ಕಡಲತಳದಲ್ಲಿ ಅವು ತಿನ್ನುವ ಪುಟ್ಟ ಜೀವಿಗಳು ಕಡಿಮೆಯಾದಾಗ, ಎಲುಬು ಕಾಣುವ ತಿಮಿಂಗಿಲಗಳು ದಡಕ್ಕೆ ಬಂದು ಬಿದ್ದವು. 2023ಕ್ಕೆ ಸಂಖ್ಯೆ ಸುಮಾರು 14,500ಕ್ಕೆ ಇಳಿಯಿತು. ಈ ಇಳಿಕೆಗೆ ಬೇಟೆ ಕಾರಣವಲ್ಲ. ತಾಯಿಗೆ ತಿನ್ನಲು ಸಿಗಲಿಲ್ಲ, ಅಷ್ಟೇ.

ನಮ್ಮ ಕಡಲಿನ ನೆರೆಯವಳು

ಅರಬ್ಬೀ ಸಮುದ್ರದ ಗೂನುಬೆನ್ನಿನ ತಿಮಿಂಗಿಲಗಳ ಸ್ಥಿತಿ ಇನ್ನೂ ನಾಜೂಕು. ಬಾಲದ ಗುರುತುಗಳ ಛಾಯಾಚಿತ್ರ ಹಿಡಿದು ಒಮಾನ್ ಕಡಲಿನಲ್ಲಿ ಎಣಿಸಿದಾಗ ಸಿಕ್ಕ ಅಂದಾಜು 82. 1966ರಲ್ಲಿ ಕೊಂದ 240ರ ಪಕ್ಕದಲ್ಲಿ ಈ ಸಂಖ್ಯೆಯನ್ನು ಇಟ್ಟು ನೋಡಿರಿ.

2017ರ ಕೊನೆಯಲ್ಲಿ ಒಮಾನ್‌ನ ವಿಜ್ಞಾನಿಗಳು ಒಂದು ಹೆಣ್ಣಿಗೆ ಉಪಗ್ರಹದ ಮೂಲಕ ಜಾಡು ತಿಳಿಸುವ ಸಾಧನ ಅಂಟಿಸಿದರು. ಅವಳ ಹೆಸರು ಲುಬಾನ್. ನಮ್ಮ ಮನೆಗಳಲ್ಲಿ ಹೊಗೆ ಹಾಕುವ ಲೋಬಾನದ ಹೆಸರಿನ ಮೂಲ ಇದೇ ಅರಬ್ಬೀ ಪದ. ಆ ಲುಬಾನ್ ಅರಬ್ಬೀ ಸಮುದ್ರವನ್ನು ಅಡ್ಡ ಹಾಯ್ದು ಗೋವಾದ ಕಡಲಿಗೆ ಬಂದಳು. ಅಲ್ಲಿಂದ ದಕ್ಷಿಣಕ್ಕೆ ತಿರುಗಿ, ಕೇರಳದ ಕಡಲನ್ನು ಹಾದು, ಕನ್ಯಾಕುಮಾರಿ ಸುತ್ತಿ ಮನ್ನಾರ್ ಕೊಲ್ಲಿಯವರೆಗೆ ಹೋಗಿ, ಮತ್ತೆ ಒಮಾನ್‌ಗೆ ಮರಳಿದಳು. ಗೋವಾದಿಂದ ಕೇರಳಕ್ಕೆ ಹೋಗುವ ಕಡಲದಾರಿ ನಮ್ಮ ಕಾರವಾರ, ಮಂಗಳೂರಿನ ಮುಂದಿನದೇ. 'ತಿಮಿಂಗಿಲ ವಾಂತಿ' ಮಾರುವವರನ್ನು ಬಂಧಿಸಿದ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಓದಿ ಬೆರಗಾಗುತ್ತೇವೆ. ಸ್ಪರ್ಮ್ ತಿಮಿಂಗಿಲದ ಆ ವಸ್ತುವಿನ ವ್ಯಾಪಾರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದರ ಬೆಲೆಯ ಬಗ್ಗೆ ಆಡುವಷ್ಟು ಮಾತನ್ನು ಜೀವಂತ ತಿಮಿಂಗಿಲದ ಬಗ್ಗೆ ನಾವು ಆಡುವುದಿಲ್ಲ.

ಹಾಜರಿ ಪುಸ್ತಕ

ಕೊನೆಯದಾಗಿ ನನ್ನದೇ ಒಂದು ತಪ್ಪನ್ನು ಹೇಳಿ ಮುಗಿಸುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬೇರೊಂದು ಊರಿನ ಶಾಲೆಯಲ್ಲಿದ್ದೆ. ಹಾಜರಾತಿ ಕಡಿಮೆಯಾದರೆ ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತದೆಂದು, ಬಾರದ ನಾಲ್ಕು ಮಕ್ಕಳಿಗೂ ಹಾಜರಿ ಹಾಕುತ್ತ ಬಂದೆ. ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದೆ. ವರ್ಷದ ಕೊನೆಗೆ ವಿಚಾರಿಸಿದಾಗ ಇಬ್ಬರು ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗಿದ್ದರು, ಒಬ್ಬಳಿಗೆ ಮದುವೆಯಾಗಿತ್ತು. ಪುಸ್ತಕದಲ್ಲಿ ಅವರು ಶಾಲೆಯಲ್ಲೇ ಇದ್ದುದರಿಂದ ಯಾರೂ ಅವರನ್ನು ಹುಡುಕಿಕೊಂಡು ಹೋಗಿರಲಿಲ್ಲ. ಸೋವಿಯತ್ ಹಡಗಿನ ಸುಳ್ಳು ಲೆಕ್ಕದ ಕಥೆಯನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಆ ನಾಲ್ಕು ಹೆಸರುಗಳು.

ಈ ಸಂಚಿಕೆಗಾಗಿ ನಮ್ಮ ಶಾಲೆಯ ಐವತ್ತು ವರ್ಷಗಳ ದಾಖಲಾತಿ ಪುಸ್ತಕಗಳನ್ನು ಕಪಾಟಿನಿಂದ ತೆಗೆದೆವು. ಕೆಲವನ್ನು ಗೆದ್ದಲು ತಿಂದಿದೆ. ಉಳಿದವುಗಳಲ್ಲಿ ಹಿಂದಿನ ಗುಮಾಸ್ತರೊಬ್ಬರು ಶಾಲೆ ಬಿಟ್ಟ ಪ್ರತಿ ಮಗುವಿನ ಮುಂದೆ 'ಬಡತನ', 'ವಲಸೆ', 'ತಾಯಿ ತೀರಿಕೊಂಡದ್ದು' ಎಂದು ನಿಜವಾದ ಕಾರಣವನ್ನೇ ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ. ಅದಕ್ಕೆ ಅವರಿಗೆ ಯಾರೂ ಶಾಲು ಹೊದಿಸಿದ ನೆನಪಿಲ್ಲ. ಆದರೆ ಊರಿನ ಮಕ್ಕಳ ಇತಿಹಾಸ ಉಳಿದಿರುವುದು ಆ ಪುಟಗಳಲ್ಲೇ.

ಹಿಂದಿನ ಬೆಂಚಿನ ಆ ಹುಡುಗಿಗೆ ನನ್ನ ಉತ್ತರ ಇಷ್ಟು. ಸಮುದ್ರ ಎಷ್ಟೇ ದೊಡ್ಡದಿರಲಿ, ನಿಧಾನವಾಗಿ ಹುಟ್ಟುವುದನ್ನು ವೇಗವಾಗಿ ಕೊಂದು, ಕೊಂದದ್ದನ್ನು ಪುಸ್ತಕದಲ್ಲಿ ಮುಚ್ಚಿಟ್ಟರೆ ಮುಗಿಸಲು ಸಾಧ್ಯ. ಹಾಗೆಯೇ, ಕೊಲ್ಲುವುದನ್ನು ನಿಲ್ಲಿಸಿ, ಸರಿಯಾಗಿ ಎಣಿಸಿ, ತಾಳ್ಮೆಯಿಂದ ಕಾದರೆ 450 ಇದ್ದದ್ದು 25,000 ಆಗುವುದಕ್ಕೂ ಸಾಧ್ಯ. ನಮ್ಮ ಶಾಲೆ ನೂರು ತುಂಬುವ ಹೊತ್ತಿಗೆ ಅರಬ್ಬೀ ಸಮುದ್ರದ ಆ 82 ಎಷ್ಟಾಗಿರುತ್ತವೆಂದು ಶತಮಾನೋತ್ಸವದ ಸಂಚಿಕೆಯಲ್ಲಿ ಬರೆಯುವವಳು ಅವಳೇ ಆಗಿರಲಿ ಎಂದು ಹಾರೈಸುತ್ತೇನೆ.